ಸುಲಿಗೆ ಜರ್ನಲ್‌ಗಳು: ಓದದೆ ಒಪ್ಪುವ ವ್ಯಾಪಾರ

ಪ್ರಬಂಧ ಕಳಿಸಿದ ನಾಲ್ಕನೇ ದಿನಕ್ಕೇ "ನಿಮ್ಮ ಲೇಖನ ಸ್ವೀಕೃತವಾಗಿದೆ, ದಯವಿಟ್ಟು ಶುಲ್ಕ ಪಾವತಿಸಿ" ಎಂದು ಮೇಲ್ ಬಂದರೆ, ಆ ಕಡೆ ಅದನ್ನು ಯಾರೂ ಓದಿಲ್ಲವೆಂದು ಧಾರಾಳವಾಗಿ ಹೇಳಬಹುದು. ಲೇಖಕರಿಂದ ದುಡ್ಡು ತೆಗೆದುಕೊಂಡು, ತಜ್ಞರಿಂದ ಪರಿಶೀಲನೆ ಮಾಡಿಸಿದ್ದೇವೆಂದು ಸುಳ್ಳು ಹೇಳಿ, ಬಂದದ್ದನ್ನೆಲ್ಲ ಪ್ರಕಟಿಸುವ ಪತ್ರಿಕೆಗಳಿಗೆ ಪ್ರಿಡೇಟರಿ ಜರ್ನಲ್ ಎಂದು ಹೆಸರು. ಕನ್ನಡದಲ್ಲಿ ಸುಲಿಗೆ ಜರ್ನಲ್ ಎನ್ನಬಹುದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಡೆನ್ವರ್ ಕ್ಯಾಂಪಸ್ಸಿನಲ್ಲಿ ಗ್ರಂಥಪಾಲಕರಾಗಿದ್ದ ಜೆಫ್ರಿ ಬೀಲ್ 2010ರಲ್ಲಿ ಈ ಹೆಸರನ್ನು ಚಾಲ್ತಿಗೆ ತಂದರು.

ಹೆಸರಿಡುವುದು ಸುಲಭವಾಯಿತು, ವ್ಯಾಖ್ಯಾನ ಕಷ್ಟವಾಯಿತು. 2019ರ ಏಪ್ರಿಲ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ 10 ದೇಶಗಳ 43 ಮಂದಿ ಕೂತು ಚರ್ಚಿಸಿ ಒಂದು ಒಪ್ಪಿತ ವ್ಯಾಖ್ಯೆ ರೂಪಿಸಿದರು. ಆ ವರ್ಷದ ಕೊನೆಗೆ ಅದು 'ನೇಚರ್' ಪತ್ರಿಕೆಯಲ್ಲಿ ಬಂತು. ವಿದ್ವತ್ತಿಗಿಂತ ಸ್ವಂತ ಲಾಭ ಮುಂದಾಗಿರುವುದು, ಸುಳ್ಳು ಅಥವಾ ದಾರಿತಪ್ಪಿಸುವ ಮಾಹಿತಿ ಕೊಡುವುದು, ಒಳ್ಳೆಯ ಸಂಪಾದಕೀಯ ಪದ್ಧತಿಗಳನ್ನು ಪಾಲಿಸದಿರುವುದು, ವ್ಯವಹಾರವನ್ನು ಮುಚ್ಚಿಡುವುದು, ಬೆನ್ನು ಬಿಡದೆ ಲೇಖನ ಕೇಳುವುದು ಅದರ ಲಕ್ಷಣಗಳು. ಪರಿಶೀಲನೆಯ ಗುಣಮಟ್ಟವನ್ನು ಮಾತ್ರ ಅವರು ಬೇಕೆಂದೇ ವ್ಯಾಖ್ಯೆಯಿಂದ ಹೊರಗಿಟ್ಟರು. ಅದನ್ನು ಹೊರಗೆ ನಿಂತು ಅಳೆಯಲು ಬರುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ನಿಜವಾಗಿ ಇಡೀ ದಂಧೆ ನಿಂತಿರುವುದೇ ಅಲ್ಲಿ: ಪರಿಶೀಲನೆ ನಡೆಯಿತೋ ಇಲ್ಲವೋ ಓದುಗನಿಗೆ ಕಾಣುವುದಿಲ್ಲ.

ಪರಿಶೀಲನೆಯ ಒಳಗೆ

ಸರಿಯಾದ ಜರ್ನಲ್ಲಿಗೆ ಹೋದ ಪ್ರಬಂಧವನ್ನು ಮೊದಲು ಸಂಪಾದಕರು ನೋಡುತ್ತಾರೆ. ಪತ್ರಿಕೆಯ ವ್ಯಾಪ್ತಿಗೆ ಬಾರದ್ದು, ತೀರಾ ಕಳಪೆಯಾದದ್ದು ಅಲ್ಲಿಂದಲೇ ವಾಪಸ್. ಉಳಿದದ್ದು ಅದೇ ವಿಷಯದಲ್ಲಿ ಕೆಲಸ ಮಾಡಿದ ಇಬ್ಬರು ಮೂವರ ಕೈಗೆ ಹೋಗುತ್ತದೆ. ಇವರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ; ತಮ್ಮ ಪಾಠ, ಪ್ರಯೋಗಾಲಯಗಳ ನಡುವೆ ಬಿಡುವು ಮಾಡಿಕೊಂಡು ಓದಬೇಕು. ಲೇಖಕರಿಗೆ ಓದಿದವರು ಯಾರೆಂದು ತಿಳಿಯದಿರುವುದು ಒಂದು ಕ್ರಮ, ಇಬ್ಬರಿಗೂ ಒಬ್ಬರ ಹೆಸರೊಬ್ಬರಿಗೆ ತಿಳಿಯದಿರುವುದು ಇನ್ನೊಂದು, ಎಲ್ಲರ ಹೆಸರೂ ಬಹಿರಂಗವಾಗಿರುವುದು ಮತ್ತೊಂದು. ವರದಿ ಬರಲು ತಿಂಗಳುಗಳು ಹಿಡಿಯುತ್ತವೆ. ಬಂದ ವರದಿಯಲ್ಲಿ "ಎರಡನೇ ಕೋಷ್ಟಕದ ಮೊತ್ತ ತಾಳೆಯಾಗುತ್ತಿಲ್ಲ", "ಈ ತೀರ್ಮಾನಕ್ಕೆ ಮಾದರಿ ಸಾಲದು" ಎಂಬಂಥ ಮಾತುಗಳಿರುತ್ತವೆ. ಲೇಖಕರು ತಿದ್ದಬೇಕು ಅಥವಾ ಏಕೆ ತಿದ್ದುವುದಿಲ್ಲವೆಂದು ಉತ್ತರಿಸಬೇಕು. ಇದು ಎರಡು ಮೂರು ಸುತ್ತು ನಡೆಯುವುದೂ ಉಂಟು.

ಇದರಿಂದ ತಪ್ಪೆಲ್ಲ ಸಿಕ್ಕಿಬೀಳುತ್ತದೆ ಎಂದೇನಿಲ್ಲ. 'ಬ್ರಿಟಿಷ್ ಮೆಡಿಕಲ್ ಜರ್ನಲ್' ಬಳಗದವರು ಒಂದು ಪ್ರಬಂಧದಲ್ಲಿ ಬೇಕೆಂದೇ 8 ದೋಷಗಳನ್ನು ಸೇರಿಸಿ 420 ಪರಿಶೀಲಕರಿಗೆ ಕಳಿಸಿದ್ದರು. 221 ಮಂದಿ ವರದಿ ಕೊಟ್ಟರು. ಸರಾಸರಿ ಒಬ್ಬೊಬ್ಬರು ಹಿಡಿದದ್ದು ಸುಮಾರು ಎರಡೇ ದೋಷ, ಶೇ. 16ರಷ್ಟು ಜನ ಒಂದನ್ನೂ ಹಿಡಿಯಲಿಲ್ಲ. 1998ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿ ಪದ್ಧತಿಯೇ ವ್ಯರ್ಥ ಎಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡು ತಪ್ಪನ್ನಾದರೂ ಹಿಡಿಯಬೇಕಾದರೆ ಆ ಮನುಷ್ಯ ಪ್ರಬಂಧವನ್ನು ಓದಿರಬೇಕಲ್ಲ.

ಐನ್‌ಸ್ಟೈನ್ ಸಿಟ್ಟಾದದ್ದು

ಪೀರ್ ರಿವ್ಯೂ ಎನ್ನುವ ಈ ತಜ್ಞರ ಪರಿಶೀಲನೆ ವಿಜ್ಞಾನದಷ್ಟೇ ಹಳೆಯದು ಎಂಬ ನಂಬಿಕೆ ವ್ಯಾಪಕವಾಗಿದೆ. ಲಂಡನ್ನಿನ ರಾಯಲ್ ಸೊಸೈಟಿಯ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' 1665ರಲ್ಲಿ ಶುರುವಾಯಿತು ನಿಜ; ಆದರೆ ಅದರ ಮೊದಲ ಸಂಪಾದಕ ಹೆನ್ರಿ ಓಲ್ಡನ್‌ಬರ್ಗ್ ತನಗೆ ಸರಿಕಂಡದ್ದನ್ನು ಆಯ್ದು ಅಚ್ಚು ಹಾಕುತ್ತಿದ್ದ. ಆ ಸೊಸೈಟಿಯಲ್ಲಿ ಲಿಖಿತ ವರದಿ ತರಿಸುವ ಪರಿಪಾಠ ಬೆಳೆದದ್ದು 1830ರ ದಶಕದಲ್ಲಿ. ಡಿಎನ್‌ಎ ರಚನೆಯನ್ನು ಹೇಳಿದ ವಾಟ್ಸನ್ ಮತ್ತು ಕ್ರಿಕ್‌ರ 1953ರ ಪ್ರಬಂಧವನ್ನು 'ನೇಚರ್' ಹೊರಗಿನ ಯಾವ ಪರಿಶೀಲಕರಿಗೂ ಕಳಿಸಿರಲಿಲ್ಲ. ಆ ಪತ್ರಿಕೆ ಪರಿಶೀಲನೆಯನ್ನು ಕಡ್ಡಾಯ ಮಾಡಿಕೊಂಡದ್ದು 1973ರಲ್ಲಿ.

ಪದ್ಧತಿ ಎಷ್ಟು ಹೊಸತಾಗಿತ್ತು ಎನ್ನುವುದಕ್ಕೆ 1936ರ ಪ್ರಸಂಗವೊಂದಿದೆ. ಗುರುತ್ವದ ಅಲೆಗಳು ಇಲ್ಲವೇ ಇಲ್ಲ ಎಂದು ವಾದಿಸುವ ಪ್ರಬಂಧವನ್ನು ಐನ್‌ಸ್ಟೈನ್ ತಮ್ಮ ಸಹಾಯಕ ನೇಥನ್ ರೋಸೆನ್ ಜೊತೆ ಬರೆದು 'ಫಿಸಿಕಲ್ ರಿವ್ಯೂ'ಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ತಜ್ಞರಿಗೆ ತೋರಿಸಿದರು. ತಪ್ಪುಗಳನ್ನು ಎತ್ತಿ ತೋರುವ ಹತ್ತು ಪುಟದ ವರದಿ ಬಂತು. ಐನ್‌ಸ್ಟೈನ್‌ಗೆ ಕೋಪ: ನಾವು ಕಳಿಸಿದ್ದು ಅಚ್ಚಿಗೆ, ಅದಕ್ಕೂ ಮೊದಲು ಪರರಿಗೆ ತೋರಿಸಲು ನಿಮಗೆ ಅನುಮತಿ ಕೊಟ್ಟವರಾರು ಎಂಬ ಧಾಟಿಯಲ್ಲಿ ಪತ್ರ ಬರೆದು ಪ್ರಬಂಧ ವಾಪಸ್ ಪಡೆದರು. ಮುಂದಿನ ವರ್ಷ ಅದು ಬೇರೊಂದು ಪತ್ರಿಕೆಯಲ್ಲಿ ಬಂದಾಗ ತೀರ್ಮಾನ ತಿರುವುಮುರುವಾಗಿತ್ತು. ಈ ಮಧ್ಯೆ ಪ್ರಿನ್ಸ್‌ಟನ್ನಿನ ಹೋವರ್ಡ್ ಪರ್ಸಿ ರಾಬರ್ಟ್‌ಸನ್ ಎಂಬ ಭೌತವಿಜ್ಞಾನಿ ಐನ್‌ಸ್ಟೈನ್‌ರ ಹೊಸ ಸಹಾಯಕರೊಡನೆ ಮಾತಾಡುತ್ತ ತಪ್ಪು ಎಲ್ಲಿದೆಯೆಂದು ತೋರಿಸಿದ್ದರು. ಆ ಹತ್ತು ಪುಟ ಬರೆದಿದ್ದವರೂ ಅದೇ ರಾಬರ್ಟ್‌ಸನ್. ಇದು ಖಚಿತವಾದದ್ದು ದಶಕಗಳ ಮೇಲೆ, ಪತ್ರಿಕೆಯ ಹಳೆಯ ದಾಖಲೆ ತೆರೆದಾಗ. ಗುರುತ್ವದ ಅಲೆಗಳು 2015ರಲ್ಲಿ ಉಪಕರಣಕ್ಕೇ ಸಿಕ್ಕವು.

ಹಣ ಕೊಡುವವರು ಬದಲಾದರು

ಬಹುಕಾಲ ಜರ್ನಲ್‌ಗಳನ್ನು ಸಾಕುತ್ತಿದ್ದದ್ದು ಗ್ರಂಥಾಲಯಗಳ ಚಂದಾ. ಎರಡನೇ ಮಹಾಯುದ್ಧದ ನಂತರ ರಾಬರ್ಟ್ ಮ್ಯಾಕ್ಸ್‌ವೆಲ್‌ರ ಪರ್ಗಮಾನ್ ಪ್ರೆಸ್‌ನಂಥ ಕಂಪನಿಗಳು ಇದು ಒಳ್ಳೆಯ ಲಾಭದ ವ್ಯವಹಾರವೆಂದು ಕಂಡುಕೊಂಡವು. ಬರೆಯುವವರಿಗೂ ಪರಿಶೀಲಿಸುವವರಿಗೂ ಏನೂ ಕೊಡಬೇಕಾಗಿಲ್ಲ, ಕೊಳ್ಳುವ ಗ್ರಂಥಾಲಯಕ್ಕೆ ಬೇರೆ ದಾರಿಯಿಲ್ಲ. ಚಂದಾ ಏರುತ್ತಲೇ ಹೋಯಿತು. ಇದರ ವಿರುದ್ಧ ಎದ್ದದ್ದು ಮುಕ್ತ ಪ್ರವೇಶದ ಚಳವಳಿ. 2002ರ ಬುಡಾಪೆಸ್ಟ್ ಘೋಷಣೆ ಅದರ ಮೊದಲ ದೊಡ್ಡ ಹೆಜ್ಜೆ. ಓದು ಎಲ್ಲರಿಗೂ ಉಚಿತವಾಗಲಿ ಎಂಬ ಆಶಯ ಒಳ್ಳೆಯದೇ. ಖರ್ಚು ಯಾರು ಭರಿಸಬೇಕು ಎಂದಾಗ ಹಲವು ಪ್ರಕಾಶಕರು ಕಂಡುಕೊಂಡ ದಾರಿ, ಲೇಖಕರಿಂದ ಪ್ರಕಟಣಾ ಶುಲ್ಕ ವಸೂಲು ಮಾಡುವುದು. ಪ್ರಕಾಶನ ಉದ್ಯಮದಲ್ಲಿ ಅದಕ್ಕೆ ಎಪಿಸಿ ಎನ್ನುತ್ತಾರೆ.

ಚಂದಾ ಪದ್ಧತಿಯಲ್ಲಿ ಕಳಪೆ ಲೇಖನ ಹಾಕಿದರೆ ಗ್ರಂಥಾಲಯ ಕೈಬಿಡುವ ಭಯವಾದರೂ ಇತ್ತು. ಶುಲ್ಕದ ಪದ್ಧತಿಯಲ್ಲಿ ಒಂದೊಂದು ತಿರಸ್ಕಾರವೂ ನಷ್ಟ, ಒಂದೊಂದು ಸ್ವೀಕಾರವೂ ಆದಾಯ. ಅಂಚೆ ಬೇಡ, ಕಾಗದ ಬೇಡ. ಒಂದು ವೆಬ್‌ಸೈಟ್, ಎರಡು ಕಂಪ್ಯೂಟರ್ ಇದ್ದರೆ ಐವತ್ತು 'ಅಂತರರಾಷ್ಟ್ರೀಯ' ಜರ್ನಲ್‌ಗಳು ಎದ್ದು ನಿಲ್ಲುತ್ತವೆ. ಫಿನ್‌ಲ್ಯಾಂಡಿನ ಇಬ್ಬರು ಸಂಶೋಧಕರು 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಇಂಥ ಪತ್ರಿಕೆಗಳಲ್ಲಿ ಬಂದ ಪ್ರಬಂಧಗಳು 2010ರಲ್ಲಿ 53,000 ಇದ್ದದ್ದು 2014ರಲ್ಲಿ 4,20,000 ಆಗಿದ್ದವು. ಪತ್ರಿಕೆಗಳ ಸಂಖ್ಯೆ ಸುಮಾರು 8,000. ಅಂದಾಜು ಜಾಸ್ತಿಯಾಯಿತು ಎಂಬ ತಕರಾರೂ ಬಂತು. ಆ ಅಧ್ಯಯನದಲ್ಲಿ ಗಮನಿಸಬೇಕಾದ ಇನ್ನೊಂದು ಅಂಕಿ ಸರಾಸರಿ ಶುಲ್ಕದ್ದು: 178 ಡಾಲರ್. 'ನೇಚರ್' ತನ್ನಲ್ಲಿ ಮುಕ್ತ ಪ್ರವೇಶಕ್ಕೆ 2021ರಿಂದ ಇಟ್ಟ ದರ 9,500 ಯೂರೊ. ಬಡ ದೇಶಗಳ ಲೇಖಕರಿಗೆ ದೊಡ್ಡ ಪ್ರಕಾಶಕರು ಕೊಡುವ ವಿನಾಯಿತಿಯ ಪಟ್ಟಿಯಲ್ಲಿ ಭಾರತ ಬಹುಪಾಲು ಬರುವುದೇ ಇಲ್ಲ. ಜಿಲ್ಲಾ ಕೇಂದ್ರದ ಪದವಿ ಕಾಲೇಜಿನಲ್ಲಿ ಪಾಠ ಮಾಡುವವರು ಎತ್ತ ಹೋಗುತ್ತಾರೆಂದು ಊಹಿಸಲು ಕಷ್ಟಪಡಬೇಕಿಲ್ಲ.

ಕಲ್ಲುಹೂವಿನ ಪ್ರಬಂಧ

ಪರಿಶೀಲನೆ ಕಾಣುವುದಿಲ್ಲವಾದರೆ ಅದನ್ನು ಕಾಣಿಸುವುದು ಹೇಗೆ? 'ಸೈನ್ಸ್' ಪತ್ರಿಕೆಗೆ ಬರೆಯುತ್ತಿದ್ದ ಜಾನ್ ಬೊಹ್ಯಾನನ್ 2013ರಲ್ಲಿ ಬಲೆ ಬೀಸಿದರು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿದೆಯಲ್ಲ, ಅದರ ಬಳಗದ ಶಿಲಾವಲ್ಕಗಳಿಂದ ತೆಗೆದ ರಾಸಾಯನಿಕ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ಪ್ರಬಂಧವನ್ನು ಹೆಣೆದರು. ಕಂಪ್ಯೂಟರಿನಲ್ಲಿ ಶಿಲಾವಲ್ಕದ ಹೆಸರು, ರಾಸಾಯನಿಕದ ಹೆಸರು, ಕ್ಯಾನ್ಸರ್ ಬಗೆಗಳನ್ನು ಅದಲುಬದಲು ಮಾಡಿ ನೂರಾರು ಪ್ರತಿ ಹುಟ್ಟಿಸಿದರು. ಲೇಖಕರೂ ಕಲ್ಪಿತ, ಅವರ ಆಫ್ರಿಕಾದ ಸಂಸ್ಥೆಗಳೂ ಕಲ್ಪಿತ.

ತಪ್ಪುಗಳನ್ನು ಮುಚ್ಚಿಡದೆ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದರು. ಔಷಧದ ಪ್ರಮಾಣ ಹೆಚ್ಚಿದಂತೆ ಪರಿಣಾಮ ಹೆಚ್ಚುತ್ತದೆ ಎಂದು ಬರಹ ಹೇಳಿದರೆ ಪಕ್ಕದ ನಕ್ಷೆಯಲ್ಲಿ ಹಾಗೇನೂ ಆಗಿರಲಿಲ್ಲ. ಔಷಧವನ್ನು ಆಲ್ಕೊಹಾಲ್ ಬೆರೆತ ದ್ರಾವಣದಲ್ಲಿ ಕೋಶಗಳಿಗೆ ಹಾಕಲಾಗಿತ್ತು, ಹೋಲಿಕೆಗೆ ಇಟ್ಟ ಕೋಶಗಳಿಗೆ ಆ ಆಲ್ಕೊಹಾಲ್ ಇರಲಿಲ್ಲ. ಸತ್ತದ್ದು ಔಷಧದಿಂದಲೋ ಆಲ್ಕೊಹಾಲಿನಿಂದಲೋ ಹೇಳಲು ಸಾಧ್ಯವೇ ಇಲ್ಲ. ಬಿ.ಎಸ್ಸಿ. ವಿದ್ಯಾರ್ಥಿಯೂ ಗುರುತಿಸಬಹುದಾದ ಎಡವಟ್ಟು. ಕೊನೆಗೆ, ಇದನ್ನು ಇನ್ನು ನೇರವಾಗಿ ರೋಗಿಗಳ ಮೇಲೆ ಬಳಸುತ್ತೇವೆ ಎಂಬ ಮಾತು ಬೇರೆ.

304 ಮುಕ್ತ ಪ್ರವೇಶದ ಜರ್ನಲ್‌ಗಳಿಗೆ ಹೋದ ಈ ಪ್ರಬಂಧವನ್ನು 157 ಒಪ್ಪಿದವು, 98 ತಿರಸ್ಕರಿಸಿದವು. ಉಳಿದವುಗಳಲ್ಲಿ ಕೆಲವು ಪಾಳುಬಿದ್ದಿದ್ದವು, ಕೆಲವು ಇನ್ನೂ ಯೋಚಿಸುತ್ತಿದ್ದವು. ವೈಜ್ಞಾನಿಕ ದೋಷಗಳನ್ನು ಗುರುತಿಸಿ ಬರೆದ ವರದಿ ಬಂದದ್ದು 36 ಕಡೆಯಿಂದ ಮಾತ್ರ. ಅವುಗಳಲ್ಲೂ 16 ಕಡೆ, ಪರಿಶೀಲಕರು ಬೇಡವೆಂದು ಬರೆದ ಮೇಲೂ ಸಂಪಾದಕರು ಒಪ್ಪಿದ್ದರು. ಅಂದರೆ ಓದಿದವರಿದ್ದರು, ಆ ಓದು ಯಾರಿಗೂ ಬೇಕಿರಲಿಲ್ಲ. ಪಟ್ಟಿಯ ಮೂರರಲ್ಲೊಂದರಷ್ಟು ಜರ್ನಲ್‌ಗಳು ಭಾರತದವು. ಇಲ್ಲಿ ಒಪ್ಪಿದವು 64, ಬೇಡವೆಂದವು 15. ಚಂದಾ ಜರ್ನಲ್‌ಗಳಿಗೂ ಇದೇ ಪರೀಕ್ಷೆ ಒಡ್ಡಬೇಕಿತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಸೆವಿಯರ್, ಸೇಜ್‌ನಂಥ ದೊಡ್ಡ ಪ್ರಕಾಶಕರ ಕೆಲವು ಪತ್ರಿಕೆಗಳೂ ಒಪ್ಪಿದವರ ಸಾಲಿನಲ್ಲಿದ್ದವು.

ಪೋಲೆಂಡಿನ ಸಂಶೋಧಕರು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿದರು. ಇಲ್ಲದ ಮಹಿಳೆಯೊಬ್ಬರ ಹೆಸರಿನಲ್ಲಿ, ಖೊಟ್ಟಿ ಪದವಿ ತೋರಿಸಿ, ಒಂದೂ ಪ್ರಬಂಧ ಪ್ರಕಟಿಸದಿದ್ದರೂ ಸಂಪಾದಕ ಸ್ಥಾನ ಕೊಡಿ ಎಂದು 360 ಜರ್ನಲ್‌ಗಳಿಗೆ ಅರ್ಜಿ ಹಾಕಿದರು. 48 ಪತ್ರಿಕೆಗಳು ಬನ್ನಿ ಎಂದವು. ಅವುಗಳಲ್ಲಿ 40, ಪ್ರಿಡೇಟರಿ ಎಂಬ ಹೆಸರು ಕೊಟ್ಟ ಬೀಲ್ ಮಾಡಿಟ್ಟಿದ್ದ ಸಂಶಯದ ಜರ್ನಲ್‌ಗಳ ಪಟ್ಟಿಯಲ್ಲಿದ್ದಂಥವು. ನಾಲ್ಕು ಪತ್ರಿಕೆಗಳು ಆಕೆಯನ್ನು ಕೂಡಲೇ ಪ್ರಧಾನ ಸಂಪಾದಕಿಯನ್ನಾಗಿ ನೇಮಿಸಿಕೊಂಡವು.

ಹೈದರಾಬಾದಿನಿಂದ ನೆವಾಡಾದ ಕೋರ್ಟಿಗೆ

ಈ ವ್ಯಾಪಾರ ಕೋರ್ಟಿನ ಕಟಕಟೆಗೆ ಬಂದದ್ದು ಅಪರೂಪ. ಹೈದರಾಬಾದಿನ ಓಮಿಕ್ಸ್ ಸಮೂಹದ ಪ್ರಕರಣ ಅದರಲ್ಲಿ ದೊಡ್ಡದು. ನೂರಾರು ಜರ್ನಲ್ ಮತ್ತು ಸಾಲುಸಾಲು ಸಮ್ಮೇಳನ ನಡೆಸುತ್ತಿದ್ದ ಈ ಸಮೂಹದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರ ಆಗಸ್ಟ್‌ನಲ್ಲಿ ದೂರು ಹೂಡಿತು. ಪರಿಶೀಲನೆ ಇಲ್ಲದೆ ಇದೆ ಎಂದದ್ದು, ಲೇಖನ ಒಪ್ಪಿದ ಮೇಲಷ್ಟೇ ಶುಲ್ಕದ ಮೊತ್ತ ತಿಳಿಸಿದ್ದು, ಲೇಖಕರು ವಾಪಸ್ ಕೇಳಿದರೆ ಕೊಡದೆ ಸತಾಯಿಸಿದ್ದು, ಒಪ್ಪಿಗೆ ಕೇಳದೆ ವಿಜ್ಞಾನಿಗಳ ಹೆಸರನ್ನು ಸಂಪಾದಕ ಮಂಡಳಿಗೂ ಸಮ್ಮೇಳನದ ಜಾಹೀರಾತಿಗೂ ಹಾಕಿಕೊಂಡದ್ದು ಆರೋಪಗಳು. 2019ರ ಮಾರ್ಚ್‌ನಲ್ಲಿ ನೆವಾಡಾದ ಫೆಡರಲ್ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ಮೊತ್ತ ಕಟ್ಟುವಂತೆ ತೀರ್ಪು ಕೊಟ್ಟಿತು. ಮರುವರ್ಷ ಮೇಲ್ಮನವಿಯಲ್ಲೂ ಅದು ಉಳಿಯಿತು. ಕಂಪನಿ ಆರೋಪಗಳನ್ನು ಒಪ್ಪಿರಲಿಲ್ಲ.

ಇಲ್ಲಿ ವಾಪಸ್ ಕೊಡದಿರುವುದು ಸಣ್ಣ ಕಿರುಕುಳದ ಹಾಗೆ ಕಾಣಬಹುದು. ಹಾಗಲ್ಲ. ಒಂದೇ ಪ್ರಬಂಧ ಎರಡು ಕಡೆ ಬರುವಂತಿಲ್ಲ ಎಂಬುದು ಸಂಶೋಧನೆಯ ನಿಯಮ. ಒಮ್ಮೆ ಇಂಥ ಕಡೆ ಬಂದುಬಿಟ್ಟರೆ ಮೂರು ವರ್ಷದ ದುಡಿಮೆಯನ್ನು ಮತ್ತೊಂದು ಒಳ್ಳೆಯ ಪತ್ರಿಕೆಗೆ ಕೊಡುವ ದಾರಿಯೇ ಮುಚ್ಚುತ್ತದೆ. 2017ರಲ್ಲಿ ಕೆನಡಾದ ಡೇವಿಡ್ ಮೋಹರ್ ಮತ್ತು ಜೊತೆಗಾರರು ಸಂಶಯದ ಜರ್ನಲ್‌ಗಳಲ್ಲಿ ಬಂದ 1,907 ಜೀವವೈದ್ಯಕೀಯ ಪ್ರಬಂಧಗಳನ್ನು ತೆರೆದು ನೋಡಿದರು. ಅವುಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮನುಷ್ಯರ, 8,000ಕ್ಕೂ ಹೆಚ್ಚು ಪ್ರಾಣಿಗಳ ಮೇಲಿನ ಮಾಹಿತಿ ಇತ್ತು. ರಕ್ತ ಕೊಟ್ಟವರು, ಪ್ರಶ್ನೆಗಳಿಗೆ ಉತ್ತರಿಸಿದವರು, ಕೊಯ್ಸಿಕೊಂಡ ಇಲಿಗಳು, ಎಲ್ಲ ಹೋಗಿ ಯಾರೂ ಹುಡುಕದ ಮೂಲೆಯಲ್ಲಿ ಬಿದ್ದವು. ಆ ಪ್ರಬಂಧಗಳ ಮುಖ್ಯ ಲೇಖಕರಲ್ಲಿ ಶೇ. 27 ಮಂದಿ ಭಾರತದವರು, ಶೇ. 15 ಮಂದಿ ಅಮೆರಿಕದವರು. ಬಡ ದೇಶಗಳ ರೋಗವಿದು ಎಂದು ತಿಳಿದಿದ್ದವರಿಗೆ ಎರಡನೇ ಅಂಕಿ ಮುಜುಗರ ತಂದಿತು.

ಅಂಕಕ್ಕೊಂದು ಪ್ರಬಂಧ

ಭಾರತದಲ್ಲಿ ಈ ಬೆಳೆ ಹುಲುಸಾಗಿ ಬಂದದ್ದಕ್ಕೆ ನಿಯಮಾವಳಿಯ ಗೊಬ್ಬರ ಬಿದ್ದಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಗಳು ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಎಪಿಐ ಎಂಬ ಅಂಕ ಪದ್ಧತಿ ತಂದವು. ಪರಿಶೀಲಿತ ಜರ್ನಲ್ಲಿನ ಪ್ರಬಂಧಕ್ಕೆ 15 ಅಂಕ. ಪರಿಶೀಲನೆ ಇಲ್ಲದಿದ್ದರೂ ಮಾನ್ಯತೆ ಇದ್ದು ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಸಂಖ್ಯೆ ಇದ್ದರೆ 10. 2016ರ ಪಿಎಚ್.ಡಿ. ನಿಯಮ ಮಹಾಪ್ರಬಂಧ ಒಪ್ಪಿಸುವ ಮೊದಲು ಒಂದು ಪ್ರಬಂಧ ಪ್ರಕಟವಾಗಿರಲೇಬೇಕು ಎಂದಿತು. 2022ರಲ್ಲಿ ಆ ಷರತ್ತು ಹೋಯಿತು. ಆದರೂ ಅಂಕದ ಲೆಕ್ಕ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸುವ ಫೈಲು, ಇವೆಲ್ಲ ಉಳಿದವು.

ಪದವಿ ಕಾಲೇಜಿನ ಅಧ್ಯಾಪಕರು ವಾರಕ್ಕೆ ಹದಿನಾರು ಗಂಟೆ ಪಾಠ, ಮೌಲ್ಯಮಾಪನ, ಚುನಾವಣಾ ಕೆಲಸ ಎಲ್ಲ ಮಾಡಬೇಕು. ಪ್ರಯೋಗಾಲಯ ಇಲ್ಲ, ಗ್ರಂಥಾಲಯಕ್ಕೆ ಜರ್ನಲ್ ತರಿಸುವ ಅನುದಾನ ಇಲ್ಲ. ಸಂಶೋಧನೆಯ ಅನುಕೂಲ ಯಾವುದನ್ನೂ ಕೊಡದೆ ಸಂಶೋಧನೆಯ ಪುರಾವೆ ಕೇಳಿದರೆ ಪುರಾವೆಯ ಅಂಗಡಿ ತೆರೆಯುತ್ತದೆ. ವಿಶ್ವವಿದ್ಯಾಲಯಗಳ ಗೇಟಿನೆದುರಿನ ಝೆರಾಕ್ಸ್ ಅಂಗಡಿಗಳಲ್ಲಿ ಥೀಸಿಸ್ ಟೈಪಿಂಗ್, ಬೈಂಡಿಂಗ್ ಜೊತೆ 'ಪೇಪರ್ ಪಬ್ಲಿಕೇಶನ್' ಎಂಬ ಸಾಲೂ ಬೋರ್ಡಿನಲ್ಲಿ ಸೇರಿಕೊಂಡಿತು. "ಐಎಸ್‌ಎಸ್‌ಎನ್ ಇದೆಯಾ ಸಾರ್?" ಎಂಬುದೇ ಗುಣಮಟ್ಟದ ಪ್ರಶ್ನೆಯಾಯಿತು. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕೆಯನ್ನು ಗುರುತಿಸುವ ಸಂಖ್ಯೆ ಅಷ್ಟೆ. ಒಳಗಿನ ಹೂರಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಕನ್ನಡದಲ್ಲಿ ಬರೆಯುವವರ ಪಾಡು ಇನ್ನೂ ವಿಚಿತ್ರ. ಶಾಸನವನ್ನೋ ಜನಪದ ಕಾವ್ಯವನ್ನೋ ಕುರಿತ ಕನ್ನಡ ಪ್ರಬಂಧ, ಕಾಂಕ್ರೀಟಿನ ಬಲ, ಜಿಎಸ್‌ಟಿಯ ಪರಿಣಾಮ ಇತ್ಯಾದಿಗಳ ಮಧ್ಯೆ ಯಾವುದೋ 'ಬಹುಶಿಸ್ತೀಯ ಅಂತರರಾಷ್ಟ್ರೀಯ' ಜರ್ನಲ್ಲಿನಲ್ಲಿ ಬರುತ್ತದೆ. ಸಂಪಾದಕ ಮಂಡಳಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲದಿದ್ದರೂ 'ತಜ್ಞರು ಪರಿಶೀಲಿಸಿದ್ದಾರೆ' ಎಂಬ ಪ್ರಮಾಣಪತ್ರ ಬಣ್ಣದಲ್ಲಿ ಬರುತ್ತದೆ. ಇಂಥಲ್ಲಿ ಪ್ರಕಟಿಸುವವರನ್ನು ಸುಲಿಗೆಗೆ ಒಳಗಾದವರು ಎನ್ನಬೇಕೋ ಗಿರಾಕಿಗಳು ಎನ್ನಬೇಕೋ? ಮೊದಲ ಸಲ ಬರೆಯುವ ಸಂಶೋಧನಾ ವಿದ್ಯಾರ್ಥಿ ನಿಜಕ್ಕೂ ಮೋಸ ಹೋಗುತ್ತಾನೆ. ಹತ್ತನೇ ಸಲ ಅಲ್ಲೇ ಪ್ರಕಟಿಸುವ ಪ್ರಾಧ್ಯಾಪಕರಿಗೆ ಏನು ಕೊಳ್ಳುತ್ತಿದ್ದೇವೆಂದು ಚೆನ್ನಾಗಿ ಗೊತ್ತಿರುತ್ತದೆ. ಬಡ್ತಿ ಸಮಿತಿಗೂ ಗೊತ್ತಿರುತ್ತದೆ; ಪ್ರಬಂಧ ತೆರೆದು ಓದುವುದಕ್ಕಿಂತ ಸಂಖ್ಯೆ ಕೂಡಿಸುವುದು ಅವರಿಗೂ ಸಲೀಸು.

ಪಟ್ಟಿಗಳ ಪಾಡು

ಬೀಲ್ ಅವರ ಕಪ್ಪುಪಟ್ಟಿ 2017ರ ಜನವರಿಯಲ್ಲಿ ಅಂತರ್ಜಾಲದಿಂದ ಇದ್ದಕ್ಕಿದ್ದಂತೆ ಮಾಯವಾಯಿತು. ಒಬ್ಬನೇ ವ್ಯಕ್ತಿಯ ತೀರ್ಮಾನ, ಮುಕ್ತ ಪ್ರವೇಶದ ಬಗ್ಗೆಯೇ ಅವರಿಗಿದ್ದ ಅಸಮಾಧಾನ, ಇವುಗಳ ಬಗ್ಗೆ ಟೀಕೆ ಇದ್ದೇ ಇತ್ತು.

ಅದೇ ತಿಂಗಳು ಯುಜಿಸಿ ತನ್ನ ಅನುಮೋದಿತ ಜರ್ನಲ್‌ಗಳ ಪಟ್ಟಿ ಹೊರತಂದಿತು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ ಪತ್ರಿಕೆಗಳೂ ಅದರಲ್ಲಿ ಸೇರಿದವು, ಅಲ್ಲಿಂದಲೇ ಎಡವಟ್ಟಾಯಿತು. ಭೂಷಣ್ ಪಟವರ್ಧನ್ ಮತ್ತು ಜೊತೆಗಾರರು ಆ ಭಾಗದ ಸಾವಿರಕ್ಕೂ ಹೆಚ್ಚು ಜರ್ನಲ್‌ಗಳನ್ನು ಪರೀಕ್ಷಿಸಿ, ಶೇ. 88ರಷ್ಟು ಕಳಪೆ ಇರಬಹುದೆಂದು 2018ರಲ್ಲಿ ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ಆ ಮೇ ತಿಂಗಳು ಯುಜಿಸಿ 4,305 ಜರ್ನಲ್‌ಗಳನ್ನು ಕಿತ್ತುಹಾಕಿತು. ಸರ್ಕಾರದ ಮುದ್ರೆ ಹೊತ್ತು ಕೂತಿದ್ದ ಪತ್ರಿಕೆಗಳಿವು. ಮರುವರ್ಷ ಪುಣೆ ವಿಶ್ವವಿದ್ಯಾಲಯದಲ್ಲಿ ಕೇಂದ್ರವಿಟ್ಟು ಯುಜಿಸಿ ಕೇರ್ ಎಂಬ ಹೊಸ ಪಟ್ಟಿ ಶುರುವಾಯಿತು. ಆಯ್ಕೆ ಬಿಗಿಯಾಯಿತು ನಿಜ. ಜೊತೆಗೆ ಪಟ್ಟಿಯಲ್ಲಿದ್ದ ಜರ್ನಲ್‌ಗಳ ಹೆಸರನ್ನೇ ಕದ್ದು ತದ್ರೂಪಿ ವೆಬ್‌ಸೈಟ್ ಮಾಡುವವರೂ ಹುಟ್ಟಿಕೊಂಡರು. ಪ್ರಾದೇಶಿಕ ಭಾಷೆಗಳ ಒಳ್ಳೆಯ ಪತ್ರಿಕೆಗಳು ಹೊರಗುಳಿದವೆಂಬ ದೂರು ಬಂತು. 2025ರ ಫೆಬ್ರವರಿಯಲ್ಲಿ ಯುಜಿಸಿ ಈ ಪಟ್ಟಿಯನ್ನೂ ಕೈಬಿಟ್ಟಿತು. ಕೆಲವು ಸೂಚಕ ಮಾನದಂಡ ಕೊಟ್ಟು, ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ನೀವೇ ತೀರ್ಮಾನಿಸಿ ಎಂದು ವಿದ್ಯಾಸಂಸ್ಥೆಗಳಿಗೆ ಬಿಟ್ಟಿತು.

ದೊಡ್ಡ ಮನೆಗಳಲ್ಲೂ

ಹೆಸರಾಂತ ಪ್ರಕಾಶಕರ ಮುದ್ರೆ ಇದ್ದರೆ ನಿಶ್ಚಿಂತೆ ಎನ್ನುವ ಹಾಗೂ ಇಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ, ಕೇವಲ 12 ಮಕ್ಕಳ ಮೇಲಿನ ಪ್ರಬಂಧ 1998ರಲ್ಲಿ ಬಂದದ್ದು 'ದಿ ಲ್ಯಾನ್ಸೆಟ್'ನಲ್ಲಿ. ಅದನ್ನು ಹಿಂದಕ್ಕೆ ಪಡೆಯಲು 2010ರವರೆಗೆ ಕಾಯಬೇಕಾಯಿತು. ಪರಿಶೀಲಕರನ್ನು ಲೇಖಕರೇ ಸೂಚಿಸಬಹುದು ಎಂಬ ಅನುಕೂಲವನ್ನು ದಕ್ಷಿಣ ಕೊರಿಯಾದ ಸಂಶೋಧಕರೊಬ್ಬರು ಹೇಗೆ ಬಳಸಿಕೊಂಡರೆಂಬುದು 2012ರಲ್ಲಿ ಬಯಲಾಯಿತು: ಸುಳ್ಳು ಇ-ಮೇಲ್ ವಿಳಾಸ ಸೃಷ್ಟಿಸಿ ತಮ್ಮ ಪ್ರಬಂಧವನ್ನು ತಾವೇ ಪರಿಶೀಲಿಸಿಕೊಂಡಿದ್ದರು. ಅವರು ಸಿಕ್ಕಿಬಿದ್ದದ್ದು ವರದಿಗಳು ಒಂದೇ ದಿನದೊಳಗೆ ಬರುತ್ತಿದ್ದ ಕಾರಣಕ್ಕೆ. ನಿಜವಾದ ಪರಿಶೀಲಕ ಅಷ್ಟು ಚುರುಕಾಗಿರುವುದಿಲ್ಲ.

ಅಮೆರಿಕದ ವೈಲಿ ಕಂಪನಿ 2021ರಲ್ಲಿ ಹಿಂದಾವಿ ಎಂಬ ಮುಕ್ತ ಪ್ರವೇಶದ ಪ್ರಕಾಶನವನ್ನು 29.8 ಕೋಟಿ ಡಾಲರಿಗೆ ಕೊಂಡಿತು. ಹಣ ಪಡೆದು ಪ್ರಬಂಧ ಬರೆದುಕೊಡುವ 'ಪೇಪರ್ ಮಿಲ್'ಗಳು ಅದರ ವಿಶೇಷ ಸಂಚಿಕೆಗಳೊಳಗೆ ನುಗ್ಗಿದ್ದವು. 2023ರೊಂದರಲ್ಲೇ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು. ಹಿಂದಾವಿ ಎಂಬ ಹೆಸರನ್ನೇ ವೈಲಿ ಕೈಬಿಟ್ಟಿತು. ಇಂಥ ಪ್ರಬಂಧಗಳನ್ನು ಪತ್ತೆಹಚ್ಚುವ ಒಂದು ಸ್ವಾರಸ್ಯದ ವಿಧಾನವನ್ನು ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು 2021ರಲ್ಲಿ ಮುಂದಿಟ್ಟರು. ಕದ್ದ ಬರಹ ಸಿಕ್ಕಿಬೀಳದಿರಲಿ ಎಂದು ತಂತ್ರಾಂಶದಿಂದ ಪದ ಬದಲಿಸಿದಾಗ 'ಆರ್ಟಿಫಿಷಿಯಲ್ ಇಂಟೆಲಿಜೆನ್ಸ್' ಹೋಗಿ 'ಕೌಂಟರ್‌ಫೀಟ್ ಕಾನ್ಶಸ್‌ನೆಸ್' ಆಗಿರುತ್ತದೆ, 'ಬ್ರೆಸ್ಟ್ ಕ್ಯಾನ್ಸರ್' ಹೋಗಿ 'ಬೋಸಮ್ ಪೆರಿಲ್' ಆಗಿರುತ್ತದೆ. ಇದನ್ನು ಪರಿಶೀಲಕರು, ಸಂಪಾದಕರು, ಕರಡು ತಿದ್ದುವವರು ಎಲ್ಲ ದಾಟಿಸಿ ಕಳಿಸಿದ್ದರು. 2024ರ ಫೆಬ್ರವರಿಯಲ್ಲಿ ಫ್ರಾಂಟಿಯರ್ಸ್ ಪ್ರಕಾಶನದ ಪತ್ರಿಕೆಯೊಂದರಲ್ಲಿ ಎಐ ಬರೆದ, ಅಸಂಬದ್ಧ ಅಂಗಗಳುಳ್ಳ ಇಲಿಯ ಚಿತ್ರ ಪ್ರಕಟವಾಗಿ, ಜಗತ್ತೇ ನಕ್ಕ ಮೇಲೆ ಕೆಲವೇ ದಿನಗಳಲ್ಲಿ ವಾಪಸಾಯಿತು.

ಈಗ ಪರಿಶೀಲಕರ ಕಡೆಯೂ ಯಂತ್ರ ಬಂದಿದೆ. 2025ರ ಜುಲೈನಲ್ಲಿ ಜಪಾನಿನ 'ನಿಕ್ಕೇ' ಪತ್ರಿಕೆ ವರದಿ ಮಾಡಿದಂತೆ 8 ದೇಶಗಳ 14 ಸಂಸ್ಥೆಗಳ ಸಂಶೋಧಕರು ತಮ್ಮ ಕರಡುಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಒಳ್ಳೆಯ ಮಾತನ್ನಷ್ಟೇ ಬರೆಯಬೇಕೆಂದು ಎಐಗೆ ಸೂಚನೆ ಅಡಗಿಸಿಟ್ಟಿದ್ದರು. ಪರಿಶೀಲಕರು ತಾವು ಓದದೆ ಯಂತ್ರಕ್ಕೆ ಕೊಡುತ್ತಾರೆ ಎಂಬ ಗ್ಯಾರಂಟಿ ಇದ್ದವರಷ್ಟೇ ಹೀಗೆ ಮಾಡಲು ಸಾಧ್ಯ.

ಶುಲ್ಕವಿಲ್ಲದ ದಾರಿ

ಲೇಖಕರಿಗೂ ಓದುಗರಿಗೂ ಖರ್ಚಿಲ್ಲದ ಪತ್ರಿಕೆ ಸಾಧ್ಯವೇ ಎಂದರೆ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ 'ಪ್ರಮಾಣ', 'ಸಾಧನಾ' ಮೊದಲಾದ ಜರ್ನಲ್‌ಗಳನ್ನು ಲೇಖಕರಿಂದ ಶುಲ್ಕ ಕೇಳದೆ ನಡೆಸುತ್ತ ಬಂದಿದೆ, ಲೇಖನಗಳು ಅದರ ವೆಬ್‌ಸೈಟಿನಲ್ಲಿ ಉಚಿತ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನ ಸಂಶೋಧಕರ ಬರಹಗಳನ್ನು ಎಲ್ಲರಿಗೂ ತೆರೆದಿಡುವ ಭಂಡಾರ ಆರಂಭಿಸಿತು. ದೇಶದಲ್ಲಿ ಅದು ಮೊದಲನೆಯದು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ ತೆಗೆದಿಟ್ಟದ್ದು 6,000 ಕೋಟಿ ರೂಪಾಯಿ. ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಕಾಲೇಜುಗಳಿಗೂ ಓದಲು ಸಿಗುತ್ತವೆ ಎನ್ನುವುದು ಸಂತೋಷವೇ. ಆದರೆ ಆ ಹಣದ ಬಹುಪಾಲು ಹೋಗುವುದು ವಿದೇಶದ ದೊಡ್ಡ ಪ್ರಕಾಶಕರಿಗೆ.

ಗುರುತಿಸುವ ಬಗೆ

ಕೇಳದೆ ಬರುವ ಮೇಲ್ ಮೊದಲ ಸುಳಿವು. "ಗೌರವಾನ್ವಿತ ಡಾಕ್ಟರ್, ತಮ್ಮ ಅಮೂಲ್ಯ ಸಂಶೋಧನೆ ನಮ್ಮ ಗಮನಕ್ಕೆ ಬಂದಿದೆ" ಎಂದು ಶುರುವಾಗಿ, ಸಸ್ಯಶಾಸ್ತ್ರದವರಿಗೆ ದಂತವೈದ್ಯದ ಸಂಚಿಕೆಗೆ ಬರೆಯಲು ಕೇಳಿರುತ್ತದೆ. ಏಳು ದಿನದಲ್ಲಿ ಪ್ರಕಟಣೆ ಎಂಬ ಭರವಸೆ, ಮೊಬೈಲ್ ಸಂಖ್ಯೆಗೆ ನೇರ ಹಣ ಕಳಿಸುವ ಸೂಚನೆ, ಹೆಸರಾಂತ ಪತ್ರಿಕೆಯದೇ ಎನ್ನಿಸುವ ಹೆಸರು, ಎಲ್ಲೂ ಕೇಳದ ಪ್ರಭಾವದ ಅಳತೆ ('ಇಂಪ್ಯಾಕ್ಟ್ ಫ್ಯಾಕ್ಟರ್'), ಇವೆಲ್ಲ ಒಟ್ಟಿಗೆ ಕಂಡರೆ ಮುಂದೆ ನೋಡುವುದೇ ಬೇಡ. ಸ್ಕೋಪಸ್ ಎಂಬ ಜರ್ನಲ್ ಸೂಚಿಯಲ್ಲಿದ್ದೇವೆ ಎಂದು ಜರ್ನಲ್ ತನ್ನ ಪುಟದಲ್ಲಿ ಹಾಕಿಕೊಂಡ ಲಾಂಛನಕ್ಕೆ ಬೆಲೆ ಇಲ್ಲ. ಸ್ಕೋಪಸ್‌ನ ಸ್ವಂತ ಪಟ್ಟಿಯಲ್ಲಿ, ಮುಕ್ತ ಪ್ರವೇಶದ ಪತ್ರಿಕೆಯಾದರೆ ಡಿಒಎಜೆ ಎಂಬ ಕೋಶದಲ್ಲಿ ಹುಡುಕಿ, ಅಲ್ಲಿ ಕೊಟ್ಟ ವೆಬ್ ವಿಳಾಸವೇ ನಿಮ್ಮ ಮುಂದಿರುವುದೂ ಹೌದೇ ಎಂದು ತಾಳೆ ನೋಡಬೇಕು. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಬರೆದು ಕೇಳಬಹುದು. ತಮ್ಮ ಹೆಸರು ಅಲ್ಲಿರುವುದೇ ಅವರಿಗೆ ಗೊತ್ತಿಲ್ಲದ ಪ್ರಸಂಗಗಳಿವೆ.

ಇದೆಲ್ಲಕ್ಕಿಂತ ಸರಳವಾದದ್ದು, ಹಿಂದಿನ ಸಂಚಿಕೆಯ ಎರಡು ಪ್ರಬಂಧಗಳನ್ನು ಕೂತು ಓದುವುದು. ಅರ್ಧ ಗಂಟೆ ಸಾಕು. ಹೊಸ ಜರ್ನಲ್‌ಗಳು, ಸಣ್ಣ ಭಾಷೆಯ ಜರ್ನಲ್‌ಗಳು ಯಾವ ಕೋಶದಲ್ಲೂ ಇಲ್ಲದೆ ಪ್ರಾಮಾಣಿಕವಾಗಿರಬಹುದು. ಅವನ್ನು ಕೆಟ್ಟವುಗಳಿಂದ ಬೇರ್ಪಡಿಸಲು ಈ ಓದಿನ ಹೊರತು ಇನ್ನೊಂದು ಉಪಾಯ ನನಗೆ ಕಂಡಿಲ್ಲ.

ಸಿಕ್ಕಿಬಿದ್ದ ಮೇಲೆ

ಪ್ರಬಂಧ ಕಳಿಸಿಯಾಯಿತು, ಆಮೇಲೆ ಅನುಮಾನ ಬಂತು. ಆಗ ಮೊದಲು ಮಾಡಬೇಕಾದದ್ದು ಹಕ್ಕು ವರ್ಗಾವಣೆಯ ಪತ್ರಕ್ಕೆ ಸಹಿ ಹಾಕದಿರುವುದು, ಶುಲ್ಕ ಕಟ್ಟದಿರುವುದು. ಪ್ರಬಂಧ ಹಿಂಪಡೆಯುತ್ತಿದ್ದೇನೆಂದು ದಿನಾಂಕ ಸಹಿತ ಮೇಲ್ ಕಳಿಸಿ ಪ್ರತಿ ಇಟ್ಟುಕೊಳ್ಳಬೇಕು. "ಹಿಂಪಡೆಯಲು ಇಷ್ಟು ಕೊಡಿ" ಎಂಬ ಬೇಡಿಕೆ ಬರುವುದು ಮಾಮೂಲು. ಕೊಟ್ಟವರಿಗೆ ಎರಡನೇ ಬಿಲ್ಲೂ ಬರುತ್ತದೆ. ಉತ್ತರ ಬಾರದೆ ಅದು ಪ್ರಕಟವಾಗಿಯೇ ಬಿಟ್ಟಿದ್ದರೆ ಗೈಡ್‌ಗೂ ಗ್ರಂಥಪಾಲಕರಿಗೂ ತಿಳಿಸಿ, ಮುಂದೆ ಕಳಿಸುವ ಒಳ್ಳೆಯ ಪತ್ರಿಕೆಯ ಸಂಪಾದಕರಿಗೆ ನಡೆದದ್ದನ್ನು ಮುಚ್ಚಿಡದೆ ಮೊದಲ ಪತ್ರದಲ್ಲೇ ಬರೆಯಬೇಕು. ಕೆಲವರು ಪರಿಸ್ಥಿತಿ ನೋಡಿ ಪರಿಗಣಿಸುತ್ತಾರೆ, ಕೆಲವರು ಒಪ್ಪುವುದಿಲ್ಲ. ಬಯೋಡೇಟಾದಲ್ಲಿ ಆ ಪ್ರಬಂಧವನ್ನು ಸೇರಿಸುವುದೋ ಬಿಡುವುದೋ ಎಂಬ ಪ್ರಶ್ನೆಗೆ ಹಿರಿಯ ಅಧ್ಯಾಪಕರಲ್ಲಿ ಹೆಚ್ಚಿನವರು ಕೊಡುವ ಉತ್ತರ ಬಿಡಿ ಎಂದೇ. ಅಂಕ ಕೂಡಿಸುವ ಕಚೇರಿಯವರು ಮಾತ್ರ ಸೇರಿಸಿ ಎನ್ನುತ್ತಾರೆ.